ಜಲದೇವತೆ ಬಿಟ್ಟುಹೋದ ಮುಖವಾಡ

ನಾನು ಒಂದು ಮರದ ಮುಖವಾಡ. ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ನನ್ನ ತವರು. ಅಲ್ಲಿನ ಮೆಂಡೆ ಜನರ ಹಳ್ಳಿಯೊಂದರಲ್ಲಿ ವಂಡಿ ಎಂಬ ಬಡಗಿ ನನ್ನನ್ನು ಕೆತ್ತಿದ. ಅಗಲವಾದ ಹಣೆ, ಇಳಿಬಿದ್ದ ರೆಪ್ಪೆ, ಸಣ್ಣ ಬಾಯಿ ಕೊಟ್ಟ. ಕೊರಳ ಸುತ್ತ ಬಳೆಗಳಂತೆ ಮಡಿಕೆ ಬಿಡಿಸಿದ. ನಮ್ಮ ಜಲದೇವತೆ ನದಿಯಿಂದ ಮೇಲೇಳುವಾಗ ನೀರು ಹಾಗೆಯೇ ಹರಡುತ್ತದಂತೆ. ಎಲೆಯ ರಸದಿಂದ ಕಪ್ಪು ಬಳಿದು, ತಾಳೆಯೆಣ್ಣೆ ಹಚ್ಚಿ, ಹೊಳೆಯುವ ತನಕ ತಿಕ್ಕಿದ.

ಕೆತ್ತಿದವನು ಗಂಡಸಾದರೂ ನನ್ನನ್ನು ಧರಿಸುವುದು ಹೆಂಗಸರೇ. ಜೆನೆಬಾ ನನ್ನನ್ನು ತಲೆಗೇರಿಸಿ, ಕಪ್ಪು ನಾರಿನ ಉಡುಗೆ ತೊಟ್ಟು ಕುಣಿಯುತ್ತಿದ್ದಳು. ಆಗ ಅವಳು ಜೆನೆಬಾ ಆಗಿರುತ್ತಿರಲಿಲ್ಲ, ನಾನು ಮರವಾಗಿರುತ್ತಿರಲಿಲ್ಲ. ಜಲದೇವತೆ ನಮ್ಮಿಬ್ಬರಲ್ಲೂ ತುಂಬಿಕೊಳ್ಳುತ್ತಿದ್ದಳು. ಊರಿಗೂರೇ ಕೈಮುಗಿಯುತ್ತಿತ್ತು.

ಒಂದು ಮಳೆಗಾಲ ನನಗೆ ಗೆದ್ದಲು ಹಿಡಿಯಿತು. ಜೆನೆಬಾ ನನ್ನನ್ನು ವಂಡಿಯ ಬಳಿಗೆ ಒಯ್ದಳು.

“ಅಣ್ಣಾ, ಹೇಗಾದರೂ ಸರಿಮಾಡಿಕೊಡು. ಬೇರೆ ಯಾವುದನ್ನೂ ತಲೆ ಮೇಲಿಟ್ಟುಕೊಳ್ಳೋಕೆ ನಂಗೆ ಮನಸ್ಸಿಲ್ಲ.”

ವಂಡಿ ನನ್ನನ್ನು ತಟ್ಟಿ ನೋಡಿದ. “ಒಳಗೆಲ್ಲಾ ಪುಡಿಯಾಗಿದೆ ತಂಗಿ. ಕುಣಿಯುವಾಗ ಒಡೆದರೆ ತಾಯಿಗೆ ಅವಮಾನ. ಹೊಸದು ಮಾಡಿಕೊಡ್ತೀನಿ.”

ಹೊಸ ಮುಖವಾಡ ಸಿದ್ಧವಾದಾಗ ಜೆನೆಬಾ ನಮ್ಮಿಬ್ಬರನ್ನೂ ನದಿಯ ದಂಡೆಯಲ್ಲಿ ಅಕ್ಕಪಕ್ಕ ಇಟ್ಟಳು. “ತಾಯೀ, ಈ ಮನೆ ಹಳೇದಾಯ್ತು. ಆ ಮನೆಗೆ ನಡಿ” ಎಂದು ಬೇಡಿಕೊಂಡಳು. ನನ್ನೊಳಗಿಂದ ಏನೋ ಎದ್ದು ಹೋಯಿತು. ಸದ್ದೇನೂ ಆಗಲಿಲ್ಲ. ಜೆನೆಬಾ ನನ್ನನ್ನು ಎದೆಗೊತ್ತಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಹೊಸದನ್ನು ಎತ್ತಿಕೊಂಡಳು.

ಮುಂದೆ ಎಷ್ಟೋ ವರ್ಷ ಅವಳ ಮನೆಯ ಮೂಲೆಯಲ್ಲಿ ಕೂತು, ಹೊರಗಿನ ಕುಣಿತದ ಗಿಲಕಿಯ ಸದ್ದು ಕೇಳಿಸಿಕೊಂಡೆ. ಕೊನೆಗೊಮ್ಮೆ, ಹಳೆಯ ವಸ್ತುಗಳನ್ನು ಕೂಡಿಸುವ ಒಬ್ಬ ವಿದೇಶಿ ಬಂದು ನನ್ನನ್ನು ತನಗೆ ಕೊಡುವಂತೆ ಕೇಳಿದ. “ತಗೊಂಡು ಹೋಗಿ. ಈಗ ಇದರಲ್ಲಿ ಯಾರೂ ಇಲ್ಲ” ಎಂದಳು ಜೆನೆಬಾ. ಅವನು ಬೇರೆಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡ. ಆ ಮಾತೊಂದನ್ನು ಬಿಟ್ಟ.

ಹಾಗಾಗಿ ದೂರದ ಚಳಿದೇಶದ ವಸ್ತುಸಂಗ್ರಹಾಲಯದಲ್ಲಿ ನಾನು ಗಾಜಿನೊಳಗೆ ನಿಂತೆ. ಕೆಳಗೆ ‘ಮಹಾಶಕ್ತಿಯ ಜಲದೇವತೆ’ ಎಂಬ ಚೀಟಿ. ಜನ ಬಂದು, ಉಸಿರು ಬಿಗಿಹಿಡಿದು ನೋಡುತ್ತಾರೆ. ನಲವತ್ತು ವರ್ಷ ನಾನು ಅವಳ ಹೆಸರಿನಲ್ಲಿ ಮರ್ಯಾದೆ ಪಡೆದಿದ್ದೇನೆ. ನಾಚಿಕೆಯಾಗುತ್ತದೆ, ಹೇಳಲು ದನಿಯಿಲ್ಲ.

ಈಚೆಗೆ ಮಾಸಾ ಎಂಬ ಮೆಂಡೆ ಹೆಂಗಸು ಮಗಳ ಜೊತೆ ಬಂದಳು. ಮಗಳು ನನ್ನನ್ನು ಕಂಡು ತಾಯಿಯ ಹಿಂದೆ ಅಡಗಿದಳು.

“ಅಮ್ಮಾ, ದೇವತೆ ನನ್ನನ್ನೇ ನೋಡ್ತಿದಾಳೆ!”

ಮಾಸಾ ಬಗ್ಗಿ ನನ್ನ ದವಡೆಯ ಗೆದ್ದಲಿನ ತೂತುಗಳನ್ನು ನೋಡಿದಳು. ಮೆಂಡೆ ಭಾಷೆಯಲ್ಲೇ ಹೇಳಿದಳು: “ಹೆದರಬೇಡ ಮಗಳೇ. ದೇವತೆ ಇಲ್ಲಿಲ್ಲ. ಹೋದ ತಿಂಗಳು ಊರಲ್ಲಿ ಕುಣಿದಳು ಅಂತ ಅಜ್ಜಿ ಫೋನಲ್ಲಿ ಹೇಳಲಿಲ್ವಾ?”

“ಮತ್ತೆ ಇದು ಯಾರು?”

“ಇದು ಅವಳನ್ನು ಹೊತ್ತು ದಣಿದ ಮರ, ಪಾಪ.” ಮಾಸಾ ಗಾಜಿನ ಮೇಲೆ ಅಂಗೈ ಇಟ್ಟಳು.

ಅವರು ಹೋದರು. ಚೀಟಿ ಹಾಗೆಯೇ ಇದೆ, ಜನ ಹಾಗೆಯೇ ಬರುತ್ತಾರೆ. ಆದರೆ ಅಂದು, ಅಷ್ಟು ವರ್ಷಗಳಲ್ಲಿ ಮೊದಲ ಸಲ, ಒಬ್ಬರು ನನ್ನನ್ನೇ ನೋಡಿದ್ದರು.