ತೊದಲ ಟೆರೆಲ್

"ಆ ಹಾಡು ಬೇಡ ಡೆಲ್‌ರಾಯ್. ಇವತ್ತು ಬೇಡ," ಇವೆಟ್ ಮೂರನೇ ಸಲ ಹೇಳಿದಳು.

ಡಿಜೆ ಡೆಲ್‌ರಾಯ್ ಪಾರ್ಕಿನ ದೀಪದ ಕಂಬದಿಂದ ಕರೆಂಟಿನ ವೈರು ಎಳೆಯುತ್ತಿದ್ದ. "ನಿನ್ನ ಕರೆಸಿ ಅದನ್ನ ಬಿಡೋದು ಅಂದ್ರೆ ಮದುವೆ ಮಾಡಿ ಊಟ ಹಾಕದೆ ಕಳಿಸಿದ ಹಾಗೆ ಕಣೆ. ಆಯ್ತು, ನಾನು ಹಾಕಲ್ಲ. ಜನದ ಬಾಯಿಗೆ ಮಾತ್ರ ನಾನು ಹೊಣೆಯಲ್ಲ."

ಹುಡುಗಿಯರಿಗೆ ಮೈಕು ಯಾಕೆ ಎಂದು ಪಕ್ಕದ ಕಟ್ಟಡದ ಟೆರೆಲ್ ಹಾಡು ಕಟ್ಟಿದಾಗ ಅವಳಿಗೆ ಹದಿನಾಲ್ಕು. ನಗರದ ಕ್ವೀನ್ಸ್ ಭಾಗದ ಆ ಕಟ್ಟಡಗಳಲ್ಲಿ ಹಾಡಿಗೆ ಹಾಡಿನಲ್ಲೇ ಉತ್ತರ ಕೊಡಬೇಕಿತ್ತು; ಸುಮ್ಮನಿದ್ದವರು ಸೋತಂತೆ. ಟೆರೆಲ್ ಮಾತಿನಲ್ಲಿ ತೊದಲುತ್ತಿದ್ದ, ರ‍್ಯಾಪ್ ಮಾಡುವಾಗ ಒಂದಕ್ಷರವೂ ತಡೆಯುತ್ತಿರಲಿಲ್ಲ. ಅವಳು ಉತ್ತರದ ಹಾಡಿನಲ್ಲಿ ಆ ತೊದಲನ್ನೇ ಹಿಡಿದು ಆಡಿಕೊಂಡಳು. ಅವನ ಹಾಡು ಆರು ತಿಂಗಳಿಗೆ ಮರೆಯಾಯಿತು. ಅವಳದು ಲಂಡನ್, ಟೋಕಿಯೊ ಮುಟ್ಟಿತು. ಆಮೇಲೆ ಅವನು ಮೈಕು ಹಿಡಿಯಲಿಲ್ಲ, ಸಿಟಿ ಬಸ್ಸು ಓಡಿಸಿದ. ಅವಳು ಇನ್ನೂ ನಾಲ್ಕು ಆಲ್ಬಮ್ ಮಾಡಿದಳು. ಯಾರೂ ಕೇಳಲಿಲ್ಲ. ಇಪ್ಪತ್ತೊಂಬತ್ತಕ್ಕೂ ಜನರ ಬಾಯಲ್ಲಿ ಅವಳು ಆ ಹಾಡಿನ ಕಾಲದ ಹೆಸರಿನ ಬೇಬಿ ವೆಟ್.

ಮಾರ್ಚಿನಲ್ಲಿ ಟೆರೆಲ್‌ನ ಹೃದಯ ನಿಂತಿತು. ಈಗ ಆಗಸ್ಟು, ಪಾರ್ಕಿನಲ್ಲಿ ಓಣಿಯವರ ಹಾಡಿನ ಕೂಟ. ಮೊದಲ ಸಾಲಿನ ಮಡಚುವ ಕುರ್ಚಿಯಲ್ಲಿ ಅವನ ತಾಯಿ ಮಿಸ್ ಒಡೆಸ್ಸಾ ಕೂತಿದ್ದಳು.

ಇವೆಟ್ ಎರಡು ಹೊಸ ಹಾಡು ಹಾಡಿದಳು. ಜನ ಮರ್ಯಾದೆಗೆ ತಲೆಯಾಡಿಸಿದರು. ಹಿಂದೆಲ್ಲೋ ಚಪ್ಪಾಳೆಯ ತಾಳ ಶುರುವಾಯಿತು. ಡೆಲ್‌ರಾಯ್ ತಾನಲ್ಲ ಎಂದು ಎರಡೂ ಕೈ ಮೇಲೆತ್ತಿ ತೋರಿಸಿದ. ಅವನು ಹಾಕಬೇಕಾಗಿಯೂ ಇರಲಿಲ್ಲ, ಜನವೇ ಹಾಡಿತು.

"ತೊದಲ ಟೆರೆಲ್, ತೊಟ್ಟಿಲು ಬಿಟ್ಟು ಯಾವಾಗ ಬಂದೆ?"

ಇವೆಟ್ ಅದೇ ತಾಳಕ್ಕೆ ನಿಂತಲ್ಲೇ ಬೇರೆ ಸಾಲು ಹೊಸೆದಳು: ಟೆರೆಲ್ ನಮ್ಮಣ್ಣ, ಮಳೆಯಲ್ಲಿ ಬಸ್ಸು ನಿಲ್ಲಿಸಿದವನು. ಪಾರ್ಕು ಹಳೆಯ ಸಾಲನ್ನೇ ಇನ್ನೂ ಜೋರಾಗಿ ಕೂಗಿ ಅದನ್ನು ಮುಚ್ಚಿತು. ಅವಳು ಬಾಯಿ ಮುಚ್ಚಿ ನಿಂತಳು. ಹಾಡು ತಾನೇ ತಾನಾಗಿ ಮುಂದುವರಿಯಿತು. ಮುದುಕಿಯ ತುಟಿಯೂ ಆಡುತ್ತಿತ್ತು.

ಇವೆಟ್ ವೇದಿಕೆಯಿಂದ ಕೆಳಗಿಳಿದು ಕುರ್ಚಿಯ ಪಕ್ಕ ಕುಕ್ಕರಿಸಿದಳು. "ಮಿಸ್ ಒಡೆಸ್ಸಾ, ನಾನು ಹಾಡಲಿಲ್ಲ. ಅವರೇ..."

"ನೋಡಿದೆ. ಯಾಕೆ ಹಾಡಲಿಲ್ಲ?"

"ನಿಮ್ಮೆದುರಿಗೆ ಹೇಗೆ ಹಾಡಲಿ?"

"ಹದಿನೈದು ವರ್ಷ ರೇಡಿಯೋದಲ್ಲಿ ಕೇಳಿದ್ದೀನಲ್ಲ. ನಾನು ನಿನಗೆ ಹಾಕಿರೋ ಶಾಪ ತಗಲಿದ್ದಿದ್ರೆ ಇಷ್ಟೊತ್ತಿಗೆ ನಿನ್ನ ಹಲ್ಲೆಲ್ಲ ಉದುರಿರಬೇಕಿತ್ತು."

"ಇನ್ನು ಮೇಲೆ ಎಲ್ಲೂ ಹಾಡಲ್ಲ. ಆಣೆ ಮಾಡ್ತೀನಿ."

ಮುದುಕಿ ಅವಳ ಮಣಿಕಟ್ಟು ಹಿಡಿದಳು. "ಅವನ ಹಾಡು ಯಾರ ಹತ್ರಾನೂ ಇಲ್ಲ. ನನ್ನ ಹತ್ರಾನೂ ಇಲ್ಲ. ಜನ ಅವನ ಹೆಸರು ಹೇಳೋದು ಇದೊಂದರಲ್ಲೇ."

"ಅದು ಬೈಗುಳ, ಮಿಸ್ ಒಡೆಸ್ಸಾ."

"ಬೈಗುಳಾನೇ. ಕಟ್ಟಿದವಳು ನೀನು. ಈಗ ನಿಲ್ಲಿಸೋಕೆ ಬರ್ತೀಯಾ?" ಹಿಡಿತ ಬಿಗಿಯಾಯಿತು. "ಉಸಿರಿರೋವರೆಗೂ ಹಾಡ್ತೀಯ. ಹೋಗು."

ಇವೆಟ್ ಮತ್ತೆ ಮೇಲೆ ಹೋದಳು. ಡೆಲ್‌ರಾಯ್ ಕಣ್ಣಲ್ಲೇ ಕೇಳಿದ. ಅವಳು ಹೂಂ ಎಂದು ತಲೆಯಾಡಿಸಿದಳು, ಅವನು ಆ ಹಾಡಿನ ರೆಕಾರ್ಡು ಹಚ್ಚಿದ.

ಮೊದಲ ಸಾಲಿಗೇ ಅವಳ ದನಿ ಹದಿನಾಲ್ಕರ ಹುಡುಗಿಯದಾಯಿತು.