ಎರಡನೆಯ ಕೇಬಲ್

ತ್ರಿವೇಣಿಗೆ ಮೈಯೆಲ್ಲ ಉರಿಯುತ್ತಿತ್ತು. ತಿಂಗಳುಗಟ್ಟಲೆ ಕಷ್ಟಪಟ್ಟು ಬರೆದ ಪ್ರೋಗ್ರಾಮ್ ನಿಜ ಹೇಳಿದ್ದೇ ತಪ್ಪಾಗಿತ್ತು.

ಅದು ೨೦೦೩. ಮರಾಠಿ ಸೀಮೆಯ ಊರೊಂದರ ವಿಮಾನ ನಗರ ಬಡಾವಣೆಯಲ್ಲಿದ್ದ ಒಂದು ವಿಮೆ ಕಂಪನಿಯ ಎರಡು ಕಟ್ಟಡಗಳಿಗೆ ಅವಳ ಕಂಪನಿ ನೆಟ್‌ವರ್ಕ್ ಹಾಕಿಕೊಟ್ಟಿತ್ತು. ಸಾವಿರಾರು ಕಂಪ್ಯೂಟರುಗಳು. ಯಾವ ವಯರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದು ಹಾಕಿದವರಿಗೇ ಮರೆತುಹೋಗಿತ್ತು. ತ್ರಿವೇಣಿಯ ಪ್ರೋಗ್ರಾಮ್ ಕಂಪ್ಯೂಟರುಗಳ ವಯರುಗಳು ಬಂದು ಸೇರುವ ಒಂದೊಂದು ಸ್ವಿಚ್ ಪೆಟ್ಟಿಗೆಯನ್ನೂ ಮಾತಾಡಿಸಿ, ನಿನ್ನ ಯಾವ ಪೋರ್ಟಿನಲ್ಲಿ ಯಾರಿದ್ದಾರೆ ಎಂದು ಕೇಳಿ, ತಾನೇ ನಕ್ಷೆ ಬರೆಯುತ್ತಿತ್ತು. ಒಂದು ಕಡಿದುಹೋದರೆ ಇನ್ನೊಂದಿರಲಿ ಎಂದು ಕಟ್ಟಡಗಳ ನಡುವೆ ಎರಡು ಕೇಬಲ್ ಇರಬೇಕಿತ್ತು. ನಕ್ಷೆ ಎಳೆದದ್ದು ಒಂದೇ ಗೆರೆ. ತನ್ನದೇ ತಪ್ಪೇನೋ ಎಂದು ಅವಳು ಹೋಗಿ ನೋಡಿದಳು. ಎರಡನೆಯ ಕೇಬಲ್ ಸಿಕ್ಕಿಸಬೇಕಾದ ಪೋರ್ಟು ಖಾಲಿಯಿತ್ತು.

ಮ್ಯಾನೇಜರ್ ಸದಾನಂದ ಆಫೀಸಿನಲ್ಲಿ ಎಲ್ಲರೊಡನೆ ಮರಾಠಿ ಆಡುವವನು. ಅಡ್ಡ ಕೆಲಸ ಮಾಡಿಸಬೇಕಾದಾಗ ಮಾತ್ರ ತ್ರಿವೇಣಿಯೂ ತನ್ನ ಹಾಗೆ ವಿಜಾಪುರದವಳು ಎಂಬುದು ಅವನಿಗೆ ನೆನಪಾಗುತ್ತಿತ್ತು.

"ತಂಗೀ, ಇನ್ನೊಂದು ಗೆರಿ ಎಳದ್ಬಿಡು. ಕೇಬಲ್ ಆಮ್ಯಾಲೆ ಹಾಕಸ್ತೀನಿ, ಯಾರಿಗೆ ಗೊತ್ತಾಗ್ತದ?"

ಅವಳು ಒಲ್ಲೆ ಎಂದಳು. ನಕ್ಷೆಯ ಮೂಲೆಯಲ್ಲಿ ಇರುವುದು ಅವಳ ಹೆಸರು. ನಾಳೆ ಎಲ್ಲ ಕುಸಿದರೆ ಸುಳ್ಳುಗಾರ್ತಿ ಎನಿಸಿಕೊಳ್ಳುವವಳು ಅವಳು.

ಮರುವಾರ, ಕೆಲಸ ಮುಗಿದಿದೆ ಎಂದು ಸಹಿ ಹಾಕಿಸಿಕೊಳ್ಳಲು ವಿಮೆ ಕಂಪನಿಯ ಪಾನ್ಸೆ ಮೇಡಂ ಮುಂದೆ ನಕ್ಷೆ ಬಿಚ್ಚಿದಾಗ ಎರಡು ಗೆರೆಗಳಿದ್ದವು. ನಾಚಿಕೆಗೆಟ್ಟ ಸದಾನಂದ ತಾನೇ ಎಳೆದಿದ್ದ. ತ್ರಿವೇಣಿ ಎದ್ದು ನಿಂತು, ಈ ಎರಡನೆಯದು ನನ್ನ ಪ್ರೋಗ್ರಾಮ್ ಎಳೆದ ಗೆರೆಯಲ್ಲ ಎಂದು ಮರಾಠಿಯಲ್ಲೇ ಹೇಳಿದಳು. ಹುಡುಗಿ ಹೊಸಬಳು, ಪ್ರೋಗ್ರಾಮೂ ಕಚ್ಚಾ, ಅದಕ್ಕೆ ಕಾಣದ್ದನ್ನು ನಾನು ಸೇರಿಸಿದೆ ಎಂದು ಸದಾನಂದ ಬೆಣ್ಣೆಯಿಂದ ಕೂದಲು ತೆಗೆದಂತೆ ಹೇಳಿಬಿಟ್ಟ. ಮೇಡಂ ಅದನ್ನು ಒಪ್ಪಿ ತಲೆಯಾಡಿಸಿದರು.

ಅಲ್ಲಿಗೆ ತ್ರಿವೇಣಿಯ ತಾಳ್ಮೆ ತೀರಿತು. ಇಬ್ಬರನ್ನೂ ಸರ್ವರ್ ಕೋಣೆಗೆ ಕರೆದೊಯ್ದು, ಇದ್ದ ಒಂದು ಕೇಬಲನ್ನು ತೋರಿಸಿದಳು.

"ಎರಡು ಅದಾವಲ್ರಿ ಸರ್. ಇದೊಂದನ್ನ ನೀವ ಕೀಳ್ರಿ."

ಅದನ್ನೇ ಮೇಡಂಗೂ ಮರಾಠಿಯಲ್ಲಿ ಹೇಳಿದಳು. ಸದಾನಂದ ಕೈ ಮುಂದೆ ಮಾಡಲಿಲ್ಲ. ಕೆಲಸದ ಹೊತ್ತು, ಜನರಿಗೆ ತೊಂದರೆಯಾಗುತ್ತದೆ ಎಂದು ಗೊಣಗಿದ. ಎರಡಿದ್ದರೆ ತೊಂದರೆ ಹೇಗಾಗುತ್ತದೆ ಎಂದು ಮೇಡಂ ಕೇಳಿದರು. ಅವನು ಬಾಗಿಲತ್ತ ಸರಿದ. ಮೇಡಂ ಸಹಿ ಹಾಕದೆ ಹೊರಟುಹೋದರು.

"ನಾಳಿಂದ ನೀ ಬರಬ್ಯಾಡ," ಎಂದ ಸದಾನಂದ.

ತ್ರಿವೇಣಿ ಅವನ ಕೈಯಿಂದ ನಕ್ಷೆ ಕಸಿದುಕೊಂಡು, ತನ್ನ ಹೆಸರಿದ್ದ ಮೂಲೆಯನ್ನು ಹರಿದು ಮುಷ್ಟಿಯಲ್ಲಿ ಹಿಡಿದಳು. ಉಳಿದದ್ದನ್ನು ಅವನ ಕಾಲ ಬಳಿ ಎಸೆದು ಹೊರಟಳು.