ದಡದ ಮೇಲಿನ ಕಾವಲು

ಸಂಕ್ರಾಂತಿಗೆ ಮುಂಚೆ ಒಲೆ, ಗೋಡೆ ಸಾರಿಸಲು ನಮ್ಮೂರ ಹೆಂಗಸರಿಗೆ ಕಬಿನಿ ಹಿನ್ನೀರಿನ ಬಿಳಿ ಮಣ್ಣೇ ಆಗಬೇಕು. ಚಳಿಗಾಲಕ್ಕೆ ನೀರು ಹಿಂದೆ ಸರಿದು ಎರಡಾಳೆತ್ತರದ ದಡ ಬರಿದಾಗುತ್ತದೆ. ಒಳ್ಳೆಯ ಮಣ್ಣಿರುವುದು ಅದರ ಬುಡದಲ್ಲಿ. ಕೆಳಗೆ ಒಬ್ಬಳು ಅಗೆಯುವಾಗ ಮೇಲೊಬ್ಬಳು ಅಂಚಿನಲ್ಲಿ ನಿಂತು, ದಡ ಬಿರುಕು ಬಿಡುತ್ತದೆಯೇ ಎಂದು ಕಾಯಬೇಕು. ಬಿಟ್ಟರೆ ಕೂಗಬೇಕು. ನಮ್ಮತ್ತೆಯ ಕಾಲದಿಂದ ಬಂದ ಜಾಣತನ ಇದು. ಈ ಜಾಣತನಕ್ಕಿಷ್ಟು ಬೆಂಕಿ ಹಾಕ!

ಎರಡು ವರ್ಷದ ಹಿಂದೆ ಮೇಲೆ ನಿಂತವಳು ನಾನು. ಕೆಳಗೆ ಗುದ್ದಲಿ ಹಿಡಿದವಳು ನನ್ನ ಸೊಸೆ ಶ್ಯಾಮಲಾ. ಮದುವೆಯಾಗಿ ಎಂಟು ತಿಂಗಳಾಗಿತ್ತು. ಹೊಸ ಅಗ್ರಹಾರದ ಕಡೆಯವಳು, ಅವಳಪ್ಪ ನಾಲೆ ತೋಡಿಸುವ ಮೇಸ್ತ್ರಿ. ನಮಗಿಂತ ಮುಂಚೆ ಬಂದವರು ತೋಡಿ ತೋಡಿ ದಡದ ಬುಡ ಆಗಲೇ ಗವಿಯಾಗಿತ್ತು.

"ಅತ್ತೆ, ಅಂಚಿಗೆ ನಿಂತ್ಕಬ್ಯಾಡಿ. ಅಡೀಲಿ ಏನೂ ಇಲ್ಲ, ನಿಮ್ಮ ಭಾರಕ್ಕೇ ಕುಸಿತದೆ. ಈ ಮಣ್ಣೇ ಬ್ಯಾಡ, ಮನೇಗೋಗಣ," ಅಂದಳು.

ನೀರಿನ ಹತ್ತಿರ ಬುಟ್ಟಿ ತೊಳೆಯುತ್ತಿದ್ದ ಪಕ್ಕದ ಮನೆಯ ಬೊಮ್ಮಮ್ಮ ನಕ್ಕಳು. "ಜಯಲಕ್ಷ್ಮಕ್ಕ, ನಿನ್ ಸೊಸೆ ಇಂಜಿನಿಯರ್ ಕಣಕ್ಕ!"

ನನಗೆ ಮೈಯೆಲ್ಲ ಉರಿಯಿತು. ಮೊನ್ನೆ ಬಂದವಳು ನನಗೆ ಬುದ್ಧಿ ಹೇಳುವುದೇ, ಅದೂ ಬೊಮ್ಮಮ್ಮನ ಎದುರಿಗೆ?

"ಮೂವತ್ತು ವರ್ಸದಿಂದ ಇಲ್ಲೇ ನಿಂತಿವ್ನಿ ಕಣೆ. ಕೆಲ್ಸ ತಪ್ಪಿಸ್ಕಳಕ್ಕೆ ನೆಪ ಏಳ್ಬ್ಯಾಡ. ಇನ್ನೊಂದು ಬುಟ್ಟಿ ತುಂಬು," ಅಂದೆ.

ಅವಳು ಗವಿಯೊಳಕ್ಕೆ ಬಗ್ಗಿದಳು. ಅಗೆಯುತ್ತಿದ್ದಾಳೋ ಇಲ್ಲವೋ ನೋಡೋಣವೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ.

ಬಿರುಕು ಬಿಟ್ಟಿದ್ದು ನನ್ನ ಬೆನ್ನ ಹಿಂದೆ. ಕಂಡಿದ್ದರೆ ತಾನೇ ಕೂಗುವುದು? ಕಾಲಡಿಯ ನೆಲ ನನ್ನನ್ನು ಹೊತ್ತುಕೊಂಡೇ ಕೆಳಗಿಳಿಯಿತು.

ಧೂಳು ಅಡಗಿದಾಗ ನಾನು ಮಣ್ಣಿನ ರಾಶಿಯ ಮೇಲೆ ಕೂತಿದ್ದೆ. ಒಂದು ಬಳೆಯೂ ಒಡೆದಿರಲಿಲ್ಲ. ಕೂತಲ್ಲೇ ಎದೆ ಬಡಿದುಕೊಂಡು ಅವಳನ್ನು ಕೂಗಿದೆ. ಬೊಮ್ಮಮ್ಮನ ಬೊಬ್ಬೆ ಕೇಳಿ ಮೀನು ಹಿಡಿಯುತ್ತಿದ್ದವರು ಓಡಿ ಬಂದರು. ಅಲ್ಲಿ ಅಗೆದರು, ಇಲ್ಲಿ ಅಗೆದರು. ಸಿಗಲಿಲ್ಲ. ಬೇಗ ತೆಗೀರಪ್ಪ, ನಿಮ್ಮ ಕಾಲಿಗೆ ಬೀಳ್ತೀನಿ ಎಂದು ನಾನು ಅಳುತ್ತಲೇ ಇದ್ದೆ.

ಅವರಲ್ಲೊಬ್ಬ, ಕಾಡಂಚಿನ ಗಿರಿಜನರ ಹಾಡಿಯ ಕರಿಯಯ್ಯ, ಬಂದು ನನ್ನ ತೋಳು ಹಿಡಿದ.

"ಏಳವ್ವಾ," ಅಂದ ಮೆಲ್ಲಗೆ. "ಅವ್ಳಿರದು ನೀ ಕುಂತಿರೋ ಜಾಗದ ಅಡೀಲೇ."

ಎದ್ದೆ. ಮೊಣಕಾಲುದ್ದ ಮಣ್ಣಿನ ಕೆಳಗೇ ಇದ್ದಳು. ಉಸಿರಿರಲಿಲ್ಲ, ಮೈ ಮಾತ್ರ ಇನ್ನೂ ಬೆಚ್ಚಗಿತ್ತು.